ಅಜ್ಜ ಹೇಳಿದ ಸುಳ್ಳು

"ಹತ್ತನೇ ಕಚ್ಚು. ಸಾಕು, ನಿಲ್ಲಿಸಮ್ಮ," ಎಂದರು ಮೇಷ್ಟ್ರು.

ಇನ್‌ಸ್ಪೆಕ್ಟರ್, ಇಳಿಜಾರು ಹಲಗೆಯನ್ನು ಎತ್ತುವ ಜಾಕಿಯ ಹಿಡಿಯಿಂದ ಕೈ ತೆಗೆಯುವಷ್ಟರಲ್ಲೇ ಅದರ ಮೇಲಿದ್ದ ಮರದ ತುಂಡು ಅಲುಗಿತು. ಆಮೇಲೆ ಸರ್ರನೆ ಜಾರಿ ಕೆಳಗಿನ ಕಲ್ಲುಹಾಸಿಗೆ ಬಡಿದು, ಅಲ್ಲಿದ್ದ ಕಂದು ಕಲೆಯ ಅಂಚಿಗೆ ಹೋಗಿ ನಿಂತಿತು.

ಆ ಕಲೆಯನ್ನು ಎರಡು ಸಲ ತೊಳೆದಿದ್ದರು. ಕಲ್ಲು ಅದನ್ನು ಬಿಟ್ಟುಕೊಟ್ಟಿರಲಿಲ್ಲ.

ಐದು ದಿನಗಳ ಹಿಂದೆ ಇದೇ ಹಲಗೆಯ ಮೇಲಿಂದ ಚಪ್ಪಡಿ ಹೇರಿದ ಗಾಡಿಯೊಂದು ತಾನಾಗಿ ಓಡಿಬಂದು, ಕೆಳಗೆ ನಿಂತಿದ್ದ ದೊಡ್ಡ ಯಜಮಾನನನ್ನು ಗೋಡೆಗೆ ಒತ್ತಿ ಕೊಂದುಹಾಕಿತ್ತು. ಕಲ್ಲು ಕೊಯ್ಯುವ ಆ ಕಾರ್ಖಾನೆಯ ಒಡೆಯನಾಗಿದ್ದ ಅವನು ಮೇಷ್ಟ್ರಿಗೆ ಒಬ್ಬನೇ ಅಳಿಯ.

ಮೇಷ್ಟ್ರು ಊರುಗೋಲನ್ನು ಊರಿಕೊಂಡು ಬಗ್ಗಿ ಮರದ ತುಂಡನ್ನು ಎತ್ತಿಕೊಂಡರು. ಕೋಲು ಅವರದಲ್ಲ, ಹೋದ ಚಳಿಗಾಲದಲ್ಲಿ ತೀರಿಕೊಂಡ ಹೆಂಡತಿಯದು. ಅದನ್ನು ಕೆತ್ತಿಕೊಟ್ಟವನು ಇದೇ ಕಾರ್ಖಾನೆಯ ಬಡಗಿ ಉಳಿಯಣ್ಣ. ಕೂಲಿ ಎಷ್ಟಪ್ಪಾ ಎಂದರೆ ಕೈಮುಗಿದು ಹೊರಟುಹೋಗಿದ್ದ.

ಅದೇ ಉಳಿಯಣ್ಣ ಈಗ ಗೇಟಿನ ಬಳಿ ಪೊಲೀಸ್ ಜೀಪಿನಲ್ಲಿ ಪೇದೆಯ ಕಾವಲಿನಲ್ಲಿ ಕುಳಿತಿದ್ದ. ಕೈಗೆ ಕೋಳ. ಜೀಪಿನ ಹಿಂದಿನ ಕಿಟಕಿಯಿಂದ ಅವನ ಎರಡು ಕಣ್ಣುಗಳು ಅಂಗಳದತ್ತಲೇ ನೆಟ್ಟಿದ್ದವು. ನಾಲ್ಕು ಗಂಟೆಗೆ ಅವನನ್ನು ಕೊಲೆಗಾರನೆಂದು ನ್ಯಾಯಾಧೀಶರ ಮುಂದೆ ನಿಲ್ಲಿಸುವುದಿತ್ತು. ಕಚೇರಿಯ ಗಡಿಯಾರದಲ್ಲಿ ಆಗಲೇ ಮೂರು ದಾಟಿ ಹತ್ತು ನಿಮಿಷ.

"ಮಾವ, ನೀವು ದೊಡ್ಡವರು, ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ," ಎಂದ ಚಿಕ್ಕ ಯಜಮಾನ. ಸತ್ತವನ ತಮ್ಮ ಅವನು. ಬಿಳಿ ಅಂಗಿಗೆ ಕಲ್ಲಿನ ಪುಡಿ ತಾಗದಂತೆ ದೂರವೇ ನಿಂತಿದ್ದ. "ಆದರೆ ಇದು ಮಕ್ಕಳಾಟ. ಮುಷ್ಟಿಯಷ್ಟು ಮರ ಜಾರಿದ್ದಕ್ಕೂ ಟನ್ನುಗಟ್ಟಲೆ ಕಲ್ಲು ಜಾರಿದ್ದಕ್ಕೂ ಏನು ಸಂಬಂಧ?"

"ನಿನ್ನ ದೂರು ಇನ್ನೊಂದು ಸಲ ಹೇಳಪ್ಪಾ. ವಯಸ್ಸಾಯ್ತು, ಮರೀತೀನಿ."

ಮೇಷ್ಟ್ರು ಏನನ್ನೂ ಮರೆತಿರಲಿಲ್ಲ.

"ಗಾಡಿಗೆ ಚಕ್ರ ಇಲ್ಲ. ಕೆಳಗಡೆ ಎರಡು ಕಾಲುಪಟ್ಟಿ, ಅದರ ಮೇಲೇ ಜಾರಬೇಕು. ಉಳಿಯಣ್ಣ ಯಾರನ್ನೂ ಕೇಳದೆ ಆ ಪಟ್ಟೀನ ಕೆತ್ತಿ ಅರ್ಧ ಅಗಲ ಮಾಡಿದ. ಅಗಲ ಅರ್ಧ ಆದ್ರೆ ಹಿಡಿತ ಅರ್ಧ. ಅಣ್ಣ ಎಲ್ಲರ ಎದುರಿಗೆ ಬೈದ, ಈ ತಿಂಗಳು ಮುಗಿದ ಮೇಲೆ ಬರಬೇಡ ಅಂದ. ಮಾರನೇ ದಿನವೇ ಈ ಮಹಾನುಭಾವ ಎರಡು ಚಪ್ಪಡಿ ಹೇರೋ ಕಡೆ ಮೂರು ಹೇರಿದ. ಭಾರ ಜಾಸ್ತಿ, ಹಿಡಿತ ಕಮ್ಮಿ. ಗಾಡಿ ತಡೆದಿದ್ದ ಬೆಣೆ ಎಳೆದವನೂ ಅವನೇ. ಇನ್ನೇನು ಬೇಕು?"

ಮೇಷ್ಟ್ರು ಮರದ ತುಂಡನ್ನು ಅವನ ಮುಂದೆ ಹಿಡಿದರು. ಕಾಲುಪಟ್ಟಿ ಕೊಯ್ದಾಗ ಉಳಿದಿದ್ದ ಚೂರು ಅದು. ಒಂದು ಮೈ ನಾಲ್ಕು ಬೆರಳಗಲ, ಇನ್ನೊಂದು ಮೈ ಎರಡೇ ಬೆರಳಗಲ.

"ಈಗ ಜಾರಿದ್ದು ಅಗಲದ ಮೈ ಕೆಳಗಾಗಿ. ಎಷ್ಟನೇ ಕಚ್ಚು?"

"ಹತ್ತು," ಎಂದ ಅವನು.

"ಈಗ ಕಿರಿದಾದ ಮೈ ಕೆಳಗಿಡ್ತೀನಿ. ಹಲಗೆ ಇಳಿಸಮ್ಮ, ಮತ್ತೆ ಮೊದಲಿಂದ ಏರಿಸು."

ಹಲಗೆಯ ಮೇಲ್ತುದಿಯ ಪಕ್ಕದಲ್ಲಿ ಕಚ್ಚು ಕೊರೆದ ಕಂಬ ನಿಂತಿತ್ತು. ಇನ್‌ಸ್ಪೆಕ್ಟರ್ ಹಿಡಿ ತಿರುಗಿಸಿದಂತೆ ಹಲಗೆಯ ತುದಿ ಒಂದೊಂದೇ ಕಚ್ಚು ಹತ್ತುತ್ತಾ ಹೋಯಿತು. ಏಳು. ಎಂಟು. ಒಂಬತ್ತು. ಅಂಗಳದಲ್ಲಿ ಜಾಕಿಯ ಕಿರುಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಕೊಯ್ಯುವ ಯಂತ್ರಗಳ ಬೆಲ್ಟುಗಳು ಐದು ದಿನದಿಂದ ಸತ್ತ ಹಾವಿನಂತೆ ಜೋತುಬಿದ್ದಿದ್ದವು.

ಹತ್ತನೆಯ ಕಚ್ಚಿಗೆ ತುಂಡು ಜಾರಿತು.

ಮೇಷ್ಟ್ರು ತುಂಡನ್ನು ಎತ್ತಿ ತಂದರು. ಅದರ ಬೆನ್ನಿಗೆ ಮೂರು ಇಟ್ಟಿಗೆ ಕಟ್ಟಿ ಮತ್ತೆ ಇಟ್ಟರು. ಮತ್ತೆ ಅದೇ ಕಿರುಗುಟ್ಟು. ಹತ್ತಕ್ಕೆ ಜಾರಿತು.

ಇನ್‌ಸ್ಪೆಕ್ಟರ್ ಹಣೆಯ ಬೆವರು ಒರೆಸಿಕೊಂಡಳು. "ಮೇಷ್ಟ್ರೇ, ಇದನ್ನ ಕ್ಲಾಸಲ್ಲೂ ಮಾಡಿಸಿದ್ರಿ. ನನಗೆ ಆಗಲೂ ತಲೆಗೆ ಹತ್ತಲಿಲ್ಲ."

"ಗೊತ್ತು. ಮೂವತ್ತೈದು ಕೊಟ್ಟು ನಾನೇ ದಾಟಿಸಿದ್ದೆ."

"ಪೇದೆ ಮುಂದೆ ಅದನ್ನ ಹೇಳಬೇಕಾ?"

"ಅಗಲ ಅರ್ಧ ಆದ್ರೆ, ಅದೇ ಭಾರ ಅರ್ಧ ಜಾಗದ ಮೇಲೆ ಎರಡರಷ್ಟು ಒತ್ತಿ ಕೂರುತ್ತೆ. ಹಿಡಿತ ಮೊದಲಿದ್ದಷ್ಟೇ. ಇನ್ನು ಭಾರ. ಚಪ್ಪಡಿ ಹೆಚ್ಚಾದ್ರೆ ಕೆಳಕ್ಕೆ ಎಳೆಯೋದು ಎಷ್ಟು ಹೆಚ್ಚುತ್ತೋ ಹಲಗೆಗೆ ಒತ್ತೋದೂ ಅಷ್ಟೇ ಹೆಚ್ಚುತ್ತೆ. ಒಂದಕ್ಕೊಂದು ಸರಿಹೋಗುತ್ತೆ. ಒಂದು ಚಪ್ಪಡಿಗೆ ಜಾರೋ ಕಚ್ಚೇ ಮೂರು ಚಪ್ಪಡಿಗೂ. ಉಳಿಯಣ್ಣ ಪಟ್ಟಿ ಕೆತ್ತಿದ್ದೂ ಯಜಮಾನನನ್ನ ಕೊಂದಿಲ್ಲ, ಕಲ್ಲು ಹೇರಿದ್ದೂ ಕೊಂದಿಲ್ಲ."

"ಹಾಗಾದ್ರೆ ಮರದ ಘರ್ಷಣೆಯ ಗುಣಾಂಕವೇ ಬದಲಾಯ್ತಾ?" ಎಂದಳು ಇನ್‌ಸ್ಪೆಕ್ಟರ್. "ಮರಕ್ಕೆ ಇಷ್ಟು, ಕಲ್ಲಿಗೆ ಇಷ್ಟು ಅಂತ ಇರುತ್ತಲ್ಲ?"

"ಅಲ್ಲೇ ಎಲ್ಲರೂ ಎಡವೋದು. ಘರ್ಷಣೆಯ ಗುಣಾಂಕ ಒಬ್ಬರ ಗುಣ ಅಲ್ಲಮ್ಮ, ಇಬ್ಬರ ನಡುವಿನದು. ಗಂಡ ಹೆಂಡಿರ ಜಗಳದ ಹಾಗೆ. ಒಬ್ಬರನ್ನೇ ಕೂರಿಸಿಕೊಂಡು ಅಳೆಯೋಕಾಗಲ್ಲ."

ತರಗತಿಯಲ್ಲಿ ಮೂವತ್ತು ವರ್ಷ ನಗಿಸಿದ ಮಾತು. ಆಡಿದ ಮೇಲೆ ಅವರು ಹಿಂದಕ್ಕೆ ತಿರುಗಿ ನೋಡಿದರು.

ಕಚೇರಿಯ ಮೆಟ್ಟಿಲ ಮೇಲೆ ಮಗಳು ಕುಳಿತಿದ್ದಳು. ಇಂಥ ಬಿಸಿಲಿನಲ್ಲೂ ತಾಯಿಯ ಉಣ್ಣೆಶಾಲನ್ನು ಮೈಗೆ ಸುತ್ತಿಕೊಂಡಿದ್ದಳು. ಹಸಿರು ನೂಲು ಸಾಲದೆ, ಹಸಿರಿಗೆ ಬೂದಿಬಣ್ಣದ ಎಳೆ ಹೊಸೆದು ತಾಯಿಯೇ ಹೆಣೆದ ಶಾಲು. ಅಂಥ ನೂಲು ಅಂಗಡಿಯಲ್ಲಿ ಸಿಗುವುದಲ್ಲ. ಹೆಂಡತಿ ಹೋದ ಮೇಲೆ ಮೇಷ್ಟ್ರೇ ಅದನ್ನು ಮಗಳ ಹೆಗಲಿಗೆ ಹೊದಿಸಿದ್ದರು.

ಈ ವರ್ಷ ಅವಳು ಎರಡು ಸಲ ಹೇಳದೆ ಕೇಳದೆ ತವರಿಗೆ ಬಂದಿದ್ದಳು. ಎರಡು ಸಲವೂ ಬಾಯಿ ಬಿಡದೆ ಹಿಂತಿರುಗಿದ್ದಳು. ಎರಡನೆಯ ಸಲ ಮೊಣಕೈಯ ಮೇಲೆ ನೀಲಿ ಗುರುತಿತ್ತು. ಬಾಗಿಲು ಬಡಿಯಿತು ಎಂದಿದ್ದಳು. ಮೇಷ್ಟ್ರು ದೇವರ ಮುಂದೆ ಕುಳಿತು ಅವಳಿಗಾಗಿ ಪ್ರಾರ್ಥಿಸಿದ್ದರು. ಅವಳ ಮುಂದೆ ಕುಳಿತು ಕೇಳಿರಲಿಲ್ಲ.

"ಪುಟ್ಟೀ," ಎಂದು ಮಗಳನ್ನು ಕರೆದರು. "ಅಜ್ಜನ ಪೆಟ್ಟಿಗೆ ಕೀಲಿ ತಂದೆಯಾ?"

ಚಿಕ್ಕ ಯಜಮಾನ ನಕ್ಕ. "ಅಜ್ಜನನ್ನೂ ವಿಚಾರಣೆ ಮಾಡ್ತೀರಾ ಮಾವ?"

ಆ ಕಾರ್ಖಾನೆಯಲ್ಲಿ ಅಜ್ಜ ಎಂದರೆ ಮನುಷ್ಯನಲ್ಲ. ಮೇಲೆ ಹಿಡಿಯಿರುವ, ಮೊಳದುದ್ದದ ಮರದ ದಿಮ್ಮಿ. ಗಾಡಿಯ ಕಾಲುಪಟ್ಟಿಯ ಜಾತಿಯದೇ ಮರ. ಕಾರ್ಖಾನೆ ಕಟ್ಟಿದ ದಿನದಿಂದ ಒಂದು ಕಟ್ಟಳೆ ನಡೆದುಬಂದಿತ್ತು. ದಿನಾ ಬೆಳಿಗ್ಗೆ ಉಳಿಯಣ್ಣ ಅಜ್ಜನನ್ನು ಹಲಗೆಯ ಮೇಲೆ ಕೂರಿಸಿ ತುದಿ ಏರಿಸುತ್ತಾ ಹೋಗಬೇಕು. ಅಜ್ಜ ಜಾರಿದ ಕಚ್ಚನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಬೇಕು. ಅಲ್ಲಿಂದ ಎರಡು ಕಚ್ಚು ಕೆಳಗಿಳಿಸಿ ಹಲಗೆ ಬಿಗಿಯಬೇಕು. ಹಾಗೆ ಬಿಗಿದ ಹಲಗೆಯ ಮೇಲೆ ಗಾಡಿ ತಾನಾಗಿ ಜಾರುವುದಿಲ್ಲ. ಆಳುಗಳು ನೂಕಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಆ ನಂಬಿಕೆಯಿಂದಲೇ ದೊಡ್ಡ ಯಜಮಾನ ದಿನವೂ ಕೆಳಗೆ ನಿಂತು, ಬಿಡ್ರೋ ಎಂದು ಕೂಗುತ್ತಿದ್ದುದು.

ಗೋಡೆಯ ಮೇಲೆ ಸುಣ್ಣದ ಅಂಕಿಗಳು ಸಾಲಾಗಿದ್ದವು. ಹತ್ತು, ಒಂಬತ್ತು, ಹತ್ತು, ಹತ್ತು, ಒಂಬತ್ತು, ಹತ್ತು. ಕೊನೆಯದು ಹದಿನಾಲ್ಕು.

ಮೇಷ್ಟ್ರು ಜೀಪಿನ ಕಡೆ ನಡೆದರು.

"ಉಳಿಯಣ್ಣ, ಹದಿನಾಲ್ಕು ಅಂತ ಬರೆದೆಯಲ್ಲ, ನಿನಗೆ ಅನುಮಾನ ಬರಲಿಲ್ಲವಾ?"

"ಬಂತು ಮೇಷ್ಟ್ರೇ." ಬಡಗಿಯ ದನಿ ಮರದ ಹೊಟ್ಟಿನಂತೆ ಒಣಗಿತ್ತು. "ಎರಡು ಸಲ ಇಟ್ಟು ನೋಡ್ದೆ. ಎರಡು ಸಲವೂ ಹದಿನಾಲ್ಕು. ಯಜಮಾನ್ರು ಪಕ್ಕದಲ್ಲೇ ಇದ್ರು. ಗಾಳಿ ಒಣಗಿದೆ, ಹಲಗೆ ಒಣಗಿದೆ, ಅದಕ್ಕೇ ಹಿಡೀತಿದೆ ಅಂದ್ರು. ಅಜ್ಜ ಎಲ್ಲಾದ್ರೂ ಸುಳ್ಳು ಹೇಳ್ತಾನೇನೋ ಅಂತ ನಕ್ರು. ಹನ್ನೆರಡಕ್ಕೆ ಬಿಗಿದೆ."

"ನಿನ್ನ ಕಣ್ಣಿಗೆ ಹಲಗೆ ಕಡಿದಾಗಿ ಕಾಣಲಿಲ್ಲವಾ?"

"ಕಂಡ್ತು. ನನ್ನ ಕಣ್ಣು ದೊಡ್ಡದಾ, ಅಜ್ಜನ ಮಾತು ದೊಡ್ಡದಾ?"

ಬೇರೆ ಯಾವ ಕಾರ್ಖಾನೆಯ ಬಡಗಿಯೂ ಆ ತಪ್ಪು ಮಾಡುತ್ತಿರಲಿಲ್ಲ. ಇಲ್ಲಿ ಮೂವತ್ತು ವರ್ಷ ಅಜ್ಜ ಒಂದು ಸಲವೂ ತಪ್ಪಿರಲಿಲ್ಲ. ಅದೇ ಅವರನ್ನು ಕೆಡಿಸಿತ್ತು.

ಇನ್‌ಸ್ಪೆಕ್ಟರ್ ಮೊಹರು ಒಡೆದ ಮೇಲೆ ಮಗಳು ಬಂದು ಪೆಟ್ಟಿಗೆಯ ಬೀಗ ತೆಗೆದಳು. ಆ ಕೀಲಿ ಯಜಮಾನರ ಮನೆಯ ನಡುಕೋಣೆಯಲ್ಲಿ ಮೊಳೆಗೆ ತೂಗುತ್ತಿರುತ್ತದೆ. ಬೆಳಿಗ್ಗೆ ಉಳಿಯಣ್ಣ ಬಂದು ಒಯ್ಯುತ್ತಾನೆ, ಸಂಜೆ ತಂದು ತಗುಲಿಸುತ್ತಾನೆ. ಅನಾಹುತವಾದ ಕೂಡಲೇ ಇನ್‌ಸ್ಪೆಕ್ಟರ್ ಬಂದು ಪೆಟ್ಟಿಗೆಗೆ ಮೊಹರು ಹಾಕಿಸಿದ್ದಳು.

ಮೇಷ್ಟ್ರು ಅಜ್ಜನನ್ನು ಹಿಡಿಯಿಂದ ಎತ್ತಿ ಹಲಗೆಯ ಮೇಲಿಟ್ಟರು.

"ಏರಿಸಮ್ಮ."

ಎಂಟು. ಒಂಬತ್ತು. ಹತ್ತು.

ಅಜ್ಜ ಅಲುಗಲಿಲ್ಲ.

ಹನ್ನೊಂದು. ಇನ್‌ಸ್ಪೆಕ್ಟರ್ ಮೇಷ್ಟ್ರ ಮುಖ ನೋಡಿದಳು. ಹನ್ನೆರಡು. ಚಿಕ್ಕ ಯಜಮಾನ ಬಿಳಿ ಅಂಗಿಯ ಚಿಂತೆ ಬಿಟ್ಟು ಎರಡು ಹೆಜ್ಜೆ ಹತ್ತಿರ ಬಂದ. ಹದಿಮೂರು.

ಹದಿನಾಲ್ಕಕ್ಕೆ ಅಜ್ಜ ಒಮ್ಮೆ ಕರ್ರೆಂದು ಹಲ್ಲು ಕಡಿದಂತೆ ಸದ್ದು ಮಾಡಿ, ಒಲ್ಲದ ಮನಸ್ಸಿನಿಂದ ಜಾರಿದ.

"ಅದೇ ಜಾತಿ ಮರ, ಅದೇ ಹಲಗೆ," ಎಂದರು ಮೇಷ್ಟ್ರು ಮೆಲ್ಲಗೆ. "ಆ ತುಂಡಿಗೆ ಹತ್ತು. ಅಜ್ಜನಿಗೆ ಹದಿನಾಲ್ಕು. ಗಾಡಿಗೆ ನಿಜವಾಗಿ ಹತ್ತೇ. ಹನ್ನೆರಡಕ್ಕೆ ಬಿಗಿದ ಹಲಗೆ ಮೇಲೆ ಬೆಣೆ ಎಳೆದ ಗಳಿಗೆಗೆ ಅದು ಹೊರಟಿತು. ಕೂತ ವಸ್ತುವಿಗೆ ಇರೋ ಹಿಡಿತ ಓಡೋ ವಸ್ತುವಿಗೆ ಇರಲ್ಲ, ಒಂದು ಸಲ ಕಿತ್ತುಕೊಂಡರೆ ಹಿಡಿತ ಇನ್ನೂ ಕಮ್ಮಿ. ಅಡ್ಡ ಬಿದ್ದು ಹಿಡಿಯೋಕೆ ಹೋದ ಆಳುಗಳ ಕೈಗೆ ಅದಕ್ಕೇ ಸಿಗಲಿಲ್ಲ."

ಇನ್‌ಸ್ಪೆಕ್ಟರ್ ಅಜ್ಜನನ್ನು ಮಗುಚಿ ಹಾಕಿದಳು. ಬಿಸಿಲಿಗೆ ಅಡಿ ಫಳ್ಳನೆ ಹೊಳೆಯಿತು. ಬೆರಳಾಡಿಸಿ, "ಇದು ಗಾಜಿನ ಹಾಗೆ ನಯವಾಗಿದೆಯಲ್ಲ! ಇದು ಬೇಗ ಜಾರಬೇಕಿತ್ತು," ಎಂದಳು.

"ಒರಟಾದದ್ದು ಹಿಡಿಯುತ್ತೆ, ನಯವಾದದ್ದು ಜಾರುತ್ತೆ. ಅದನ್ನೂ ಪರೀಕ್ಷೆಯಲ್ಲಿ ಬರೆದಿದ್ದೆ ನೀನು." ಮೇಷ್ಟ್ರು ಊರುಗೋಲಿನ ತುದಿ ತೋರಿಸಿದರು. ಅಲ್ಲಿ ತೇದು ನುಣುಪಾದ ರಬ್ಬರಿನ ಟೋಪಿಯಿತ್ತು. "ಇದು ನಯವಾಗಿಲ್ಲವಾ? ಇದು ಜಾರಿದ್ದರೆ ನಾನು ಇಷ್ಟು ಹೊತ್ತಿಗೆ ಹಲ್ಲು ಮುರಿದುಕೊಂಡಿರ್ತಿದ್ದೆ."

"ರಬ್ಬರಿನ ವಿಷಯ ಬೇರೆ, ಮೇಷ್ಟ್ರೇ. ಏನೇ ಆದ್ರೂ ಗುಣಾಂಕ ಒಂದನ್ನ ದಾಟಲ್ಲ ಅಂತ ಪುಸ್ತಕದಲ್ಲೇ..."

"ಯಾವ ಪುಸ್ತಕ? ರಬ್ಬರು ಒಂದನ್ನೂ ದಾಟುತ್ತೆ. ನಾನು ಹಾಗೆ ಕಲಿಸಲಿಲ್ಲ, ನೀನು ಹಾಗೆ ಕಲಿತೆ."

ಅವರು ಉಗುರಿನಿಂದ ಅಜ್ಜನ ಅಡಿಯನ್ನು ಕೆರೆದರು. ಉಗುರ ತುದಿಗೆ ಜೇನುಬಣ್ಣದ ಪುಡಿ ಬಂತು. ಎರಡು ಬೆರಳ ನಡುವೆ ಹೊಸೆದರು. ಬಿಸಿಯಾಗುತ್ತಲೇ ಅದು ಅಂಟಾಯಿತು. ಮೂಗಿಗೆ ಹಿಡಿದರು.

ಮರದ ಅಂಟಿನ ವಾಸನೆ. ಅದು ರಾಳ.

"ಇದು ಇಲ್ಲಿ ಡಬ್ಬಗಟ್ಟಲೆ ಇದೆ ಮೇಡಂ," ಎಂದ ಚಿಕ್ಕ ಯಜಮಾನ ಅವಸರವಾಗಿ. "ಯಂತ್ರದ ಬೆಲ್ಟು ಜಾರಬಾರದು ಅಂತ ಬಳೀತೀವಿ."

"ಬೆಲ್ಟಿಗೆ ಪುಡಿ ಎರಚ್ತೀರಿ," ಎಂದರು ಮೇಷ್ಟ್ರು. "ಇದು ಎರಚಿದ್ದಲ್ಲ. ರಾಳ ಕಾಯಿಸಿ, ಮರಕ್ಕೆ ಕುಡಿಸಿ, ಆರೋ ಮೊದಲು ಉಣ್ಣೆ ಬಟ್ಟೆಯಿಂದ ಸುತ್ತಿ ಸುತ್ತಿ ಉಜ್ಜಿದ್ದು. ಹತ್ತಿ ಬಟ್ಟೆ ಆದ್ರೆ ಅಂಟಿಕೊಂಡುಬಿಡುತ್ತೆ. ನೋಡೋರಿಗೆ ತೇದು ಹಳೆಯದಾದ ಮರ ಅನ್ನಿಸಬೇಕು. ಯಾರೋ ತಿಳಿದವರ ಕೈ ಇದು."

ಅಷ್ಟು ಹೇಳಿದವರು ಅಜ್ಜನ ಅಡಿಯ ಮೇಲೆ ಇನ್ನಷ್ಟು ಬಗ್ಗಿದರು.

ಈ ವಿದ್ಯೆ ಅವರು ಶಾಲೆಯಲ್ಲಿ ಕಲಿಸಿದ್ದಲ್ಲ. ಮನೆಯ ಊಟದ ಮೇಜಿನ ಮೇಲೆ, ಹತ್ತು ವರ್ಷದ ಮಗಳಿಗೆ ಒಂದು ಮಧ್ಯಾಹ್ನ ತೋರಿಸಿದ್ದು. ಉಳಿಯಣ್ಣ ಅದೇ ತಾನೇ ಮಾಡಿ ತಂದುಕೊಟ್ಟ ಮರದ ತುಂಡು, ಬಟ್ಟಲಲ್ಲಿ ಕಾಯಿಸಿದ ರಾಳ, ಉಣ್ಣೆಯ ಚೂರು. ನಯವಾದದ್ದು ಹೇಗೆ ಹಿಡಿದುಕೊಂಡಿತು ಅಪ್ಪಾ, ಎಂದು ಅವಳು ಕುಣಿದಾಡಿದ್ದಳು. ಹೆಂಡತಿ ಮಾತ್ರ ಬಟ್ಟಲು ಹಾಳಾಯಿತೆಂದು ಎರಡು ದಿನ ಮುಖ ಊದಿಸಿಕೊಂಡಿದ್ದಳು.

"ಮೇಷ್ಟ್ರೇ," ಎಂದಳು ಇನ್‌ಸ್ಪೆಕ್ಟರ್. ಅವಳ ದನಿಯಲ್ಲಿದ್ದ ಶಿಷ್ಯೆ ಈಗ ಇರಲಿಲ್ಲ. "ಇದು ಕೊಲೆ ಅಂತ ನೀವೇ ಸಾಬೀತು ಮಾಡಿದ್ರಿ. ಆದ್ರೆ ಉಳಿಯಣ್ಣನನ್ನ ಬಿಡಿಸಲಿಲ್ಲ. ರಾಳ ಬಳಿದವನು ಅವನೇ ಯಾಕಾಗಬಾರದು? ಅಜ್ಜ ದಿನಾ ಅವನ ಕೈಯಲ್ಲೇ ಇರ್ತಿತ್ತು. ಬೇರೆಯವರು ಅನ್ನೋಕೆ ಗುರುತು ಏನಾದ್ರೂ ಸಿಕ್ಕಿದ್ರೆ ಹೇಳಿ. ಇಲ್ಲದಿದ್ರೆ ನಾಲ್ಕು ಗಂಟೆಗೆ ಜೀಪು ಹೊರಡುತ್ತೆ. ಈ ಆರೋಪಕ್ಕೆ ಜಾಮೀನಿಲ್ಲ. ಆ ಮನುಷ್ಯ ಮತ್ತೆ ಹೊರಗಡೆ ಬಿಸಿಲು ನೋಡಲ್ಲ."

ಗುರುತು ಸಿಕ್ಕಿತ್ತು.

ಅಜ್ಜನ ಅಡಿಯ ಒಂದು ಮೂಲೆಯಲ್ಲಿ, ರಾಳದೊಳಗೆ ಹೂತು, ಅರ್ಧ ಉಗುರಿನುದ್ದದ ನೂಲಿನ ಎಳೆಯೊಂದಿತ್ತು. ಉಜ್ಜುವಾಗ ಬಟ್ಟೆಯಿಂದ ಕಿತ್ತುಬಂದು ಸಿಕ್ಕಿಕೊಂಡದ್ದು. ಮೇಷ್ಟ್ರು ಅದನ್ನು ಕಂಡ ಕ್ಷಣದಲ್ಲೇ ಅವರ ಹೆಬ್ಬೆರಳು ತಾನಾಗಿ ಅದರ ಮೇಲೆ ಕುಳಿತಿತ್ತು.

ಹಸಿರು ಎಳೆ. ಅದಕ್ಕೆ ಹೊಸೆದ ಬೂದಿಬಣ್ಣದ ಎಳೆ.

ಮಗಳು ಅಲ್ಲೇ, ಮೂರು ಮಾರು ದೂರದಲ್ಲಿ, ಶಾಲಿನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

ದೇವರೇ, ಎಂದುಕೊಂಡರು ಮೇಷ್ಟ್ರು. ಆಮೇಲೆ ಮುಂದಿನ ಮಾತು ಬರಲಿಲ್ಲ. ಅರವತ್ತೆಂಟು ವರ್ಷ ಬಾಯಿಪಾಠವಾಗಿದ್ದ ಪ್ರಾರ್ಥನೆ ಅದು.

"ಏನು ಮಾವ, ಬೆವರ್ತಿದ್ದೀರಿ?" ಎಂದ ಚಿಕ್ಕ ಯಜಮಾನ. "ಕೂತ್ಕೊಳ್ಳಿ, ಆ ಮರ ಇಲ್ಲಿ ಕೊಡಿ."

"ಬೇಡ."

ಹೆಬ್ಬೆರಳು ಒತ್ತಿದರೆ ಸಾಕು, ಬೆವರಿನ ಬಿಸಿಗೆ ರಾಳ ಮೆತ್ತಗಾಗುತ್ತಿತ್ತು. ಸ್ವಲ್ಪ ಉಜ್ಜಿದರೆ ಎಳೆ ಬೆರಳಿಗೆ ಬರುತ್ತದೆ. ಬೆರಳನ್ನು ಪಂಚೆಗೆ ಒರೆಸಿಕೊಂಡರೆ ಆಯಿತು. ಹೆಂಡತಿ ಹೋಗಿದ್ದಾಳೆ. ಅಳಿಯ ಹೋಗಿದ್ದಾನೆ. ಇರುವವಳು ಇವಳೊಬ್ಬಳು. ಅವಳ ಮೊಣಕೈಯ ನೀಲಿ ಗುರುತನ್ನು ಕಂಡೂ ಕಾಣದ ಹಾಗೆ ಇದ್ದವರು ತಾವು. ಇದೊಂದನ್ನು ಕಾಣದ ಹಾಗೆ ಇರಲಾಗದೇ?

ಗಡಿಯಾರ ಮೂರೂವರೆ ಹೊಡೆಯಿತು.

ಜೀಪಿನ ಕಿಟಕಿಯಲ್ಲಿ ಆ ಎರಡು ಕಣ್ಣುಗಳು ರೆಪ್ಪೆ ಬಡಿಯದೆ ಅವರನ್ನೇ ನೋಡುತ್ತಿದ್ದವು. ಅಜ್ಜ ಸುಳ್ಳು ಹೇಳಿದ್ದರಿಂದ ಒಬ್ಬ ಸತ್ತಿದ್ದ. ಮೇಷ್ಟ್ರು ಸುಳ್ಳು ಹೇಳಿದರೆ ಇನ್ನೊಬ್ಬ ಸಾಯುತ್ತಿದ್ದ.

"ಮೇಷ್ಟ್ರೇ," ಎಂದಳು ಇನ್‌ಸ್ಪೆಕ್ಟರ್, "ಬೆರಳ ಕೆಳಗೆ ಏನಿದೆ?"

ಮೇಷ್ಟ್ರು ಬೆರಳು ಎತ್ತಿದರು. ರಾಳ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಚರ್ಮ ಎಳೆದುಕೊಂಡು, ಚಟ್ಟೆಂದು ಬಿಟ್ಟಿತು.

"ಪುಟ್ಟೀ," ಎಂದರು. "ನನ್ನನ್ನ ಕ್ಷಮಿಸು ಮಗಳೇ."

ಇನ್‌ಸ್ಪೆಕ್ಟರ್ ಎಳೆಯನ್ನು ನೋಡಿದಳು. ತಲೆಯೆತ್ತಿ ಶಾಲನ್ನು ನೋಡಿದಳು. ಮತ್ತೆ ಎಳೆಯನ್ನು ನೋಡಿದಳು. ಚಿಕ್ಕ ಯಜಮಾನ "ಅತ್ತಿಗೆ!" ಎಂದು ಒಂದು ಹೆಜ್ಜೆ ಹಿಂದೆ ಸರಿದ.

ಮಗಳು ಅಳಲಿಲ್ಲ. ಹತ್ತಿರ ಬಂದು ಎಳೆಯ ಮೇಲೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹೆಗಲ ಮೇಲಿನ ಶಾಲನ್ನು ತೆಗೆದು, ಹಲಗೆಯ ಮೇಲೆ ಅಗಲಕ್ಕೆ ಹಾಸಿದಳು.

"ನೋಡಿ ಮೇಡಂ. ನಾಲ್ಕು ಅಂಚೂ ನೋಡಿ."

ಇನ್‌ಸ್ಪೆಕ್ಟರ್ ಅಂಚಿನುದ್ದಕ್ಕೂ ಬೆರಳಾಡಿಸಿದಳು. ಬಿಸಿಲಿಗೆ ಎತ್ತಿ ಹಿಡಿದಳು. ಮೂಗಿಗೆ ಹಿಡಿದಳು. ಒಂದು ಎಳೆಯೂ ಕಿತ್ತಿರಲಿಲ್ಲ, ಒಂದು ಹೆಣಿಗೆಯೂ ಜಾರಿರಲಿಲ್ಲ. ರಾಳದ ವಾಸನೆಯೂ ಇರಲಿಲ್ಲ. ಹೆಣೆದ ದಿನ ಹೇಗಿತ್ತೋ ಹಾಗೇ ಇತ್ತು.

"ಇದು ಆ ಶಾಲಿನದಲ್ಲ," ಎಂದಳು ಕೊನೆಗೆ. "ಆದ್ರೆ ನೂಲು ಅದೇ."

"ಅಮ್ಮ ಎರಡು ಹೆಣೆದಿದ್ದಳು," ಎಂದಳು ಮಗಳು. "ಅಪ್ಪನಿಗೆ ಗೊತ್ತಿಲ್ಲ. ಹೇಳಬೇಡ ಅಂದಿದ್ದಳು."

"ಇನ್ನೊಂದನ್ನ ಯಾರಿಗೆ ಕೊಟ್ರು?"

ಮಗಳು ತಲೆಯೆತ್ತಿದಳು. ಅವಳ ಕಣ್ಣು ತಂದೆಯ ಕೈಯಲ್ಲಿದ್ದ ಊರುಗೋಲಿನ ಮೇಲೆ ನಿಂತಿತ್ತು.

ಮೇಷ್ಟ್ರೂ ಅದನ್ನು ನೋಡಿದರು. ಕೆತ್ತಿದವನು ಕೈಮುಗಿದು ಹೋದ, ಕೂಲಿ ಬೇಡವೆಂದ ಎಂದೇ ಅವರು ಇಷ್ಟು ದಿನ ನಂಬಿಕೊಂಡಿದ್ದರು. ಆ ಕೂಲಿಯನ್ನು ಹೆಂಡತಿ ನೂಲಿನಲ್ಲಿ ತೀರಿಸಿದ್ದಳು. ಊಟದ ಮೇಜಿನ ಆ ಮಧ್ಯಾಹ್ನ ಮರದ ತುಂಡು ತಂದುಕೊಟ್ಟ ಮೇಲೆ ಅವನು ಹೊರಟುಹೋದನೋ, ಬಾಗಿಲಲ್ಲೇ ನಿಂತು ನೋಡಿದನೋ, ಎಷ್ಟು ನೆನೆದರೂ ನೆನಪಾಗಲಿಲ್ಲ.

ಅವರು ಮೆಲ್ಲಗೆ ಜೀಪಿನ ಕಡೆ ತಿರುಗಿದರು.

ಇಷ್ಟು ಹೊತ್ತೂ ಅಂಗಳದ ಮೇಲೆ ನೆಟ್ಟಿದ್ದ ಆ ಎರಡು ಕಣ್ಣುಗಳು ಈಗ ಕಿಟಕಿಯಲ್ಲಿರಲಿಲ್ಲ. ಉಳಿಯಣ್ಣ ಮುಖವನ್ನು ಆಚೆಗೆ ತಿರುಗಿಸಿ ಕುಳಿತಿದ್ದ.